ಎಂಟು ಸೆನ್ಸರ್, ಒಂದು ಎಡಿಸಿ: ಮಲೆನಾಡಿನ ತೋಟಕ್ಕೆ ಇನ್‌ಪುಟ್ ಸರ್ಕ್ಯೂಟ್ ಮಾಡುವ ಕ್ರಮ

ಮಣ್ಣಿನ ತೇವ, ಅಡಿಕೆ ಡ್ರೈಯರ್‌ನ ಬಿಸಿ, ಟ್ಯಾಂಕಿನ ನೀರು, ಪಂಪಿನ ಕರೆಂಟ್. ಇಷ್ಟನ್ನೂ ಮನೆಯಲ್ಲೇ ಕೂತು ನೋಡುವ ವ್ಯವಸ್ಥೆ ಮಾಡಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಒಂದು ಆರ್ಡುಯಿನೋ ನ್ಯಾನೋ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡ್), ಒಂದು ಎಡಿಸಿ ಚಿಪ್ (ಸೆನ್ಸರ್‌ನ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವುದು), ನಾಲ್ಕಾರು ಸೆನ್ಸರ್ ಇದ್ದರೆ ಟೇಬಲ್ ಮೇಲೆ ಒಂದು ಸಂಜೆಯಲ್ಲಿ ಎಲ್ಲಾ ಓಡುತ್ತದೆ. ತೊಂದರೆ ಶುರುವಾಗುವುದು ಅದನ್ನು ತೋಟಕ್ಕೆ ಒಯ್ದ ಮೇಲೆ. ಒಂದು ಸೆನ್ಸರ್ ಬದಲಾದರೆ ಪಕ್ಕದ್ದೂ ಅಲುಗಾಡುತ್ತದೆ. ಮಳೆ ಹಿಡಿದರೆ ಎಲ್ಲ ಅಂಕಿಗಳೂ ಒಂದೇ ಕಡೆಗೆ ವಾಲುತ್ತವೆ. ಏಪ್ರಿಲ್‌ನಲ್ಲಿ ಒಂದು ಗುಡುಗು ಬಂದರೆ ಎರಡು ಚಾನೆಲ್ (ಸೆನ್ಸರ್ ಕಟ್ಟುವ ದಾರಿ) ಸತ್ತಿರುತ್ತವೆ.

ಇದರಲ್ಲಿ ಹೆಚ್ಚಿನವು ಚಿಪ್‌ನ ತಪ್ಪಲ್ಲ. ಸೆನ್ಸರ್ ತಂತಿಗೂ ಚಿಪ್‌ನ ಕಾಲಿಗೂ ನಡುವೆ ಇರುವ ಎರಡಿಂಚು ಜಾಗದಲ್ಲಿ ನಾವು ಏನು ಹಾಕಿದ್ದೇವೆ ಅನ್ನುವುದರ ಫಲ. ಆ ಎರಡಿಂಚನ್ನು ಹೇಗೆ ಕಟ್ಟಬೇಕು ಅಂತ ಇಲ್ಲಿ ಲೆಕ್ಕದ ಸಮೇತ ಹೇಳುತ್ತೇನೆ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ಇಕ್ಕಟ್ಟು ಇದೆ. ಸಿಡಿಲಿನಿಂದ ಚಿಪ್ ಉಳಿಯಬೇಕಾದರೆ ತಂತಿಯ ದಾರಿಯಲ್ಲಿ ದೊಡ್ಡ ರೆಸಿಸ್ಟರ್ ಬೇಕು. ತೇವದಿಂದ ಅಂಕಿ ಕೆಡದೇ ಇರಬೇಕಾದರೆ ಸಣ್ಣ ರೆಸಿಸ್ಟರ್ ಬೇಕು. ಎಡಿಸಿಗೂ ಸಣ್ಣದೇ ಇಷ್ಟ. ಈ ಜಗಳ ಬಿಡಿಸುವುದೇ ಇಡೀ ವಿನ್ಯಾಸ.

ಮೊದಲು ಚಿಪ್

ಈ ಲೇಖನದ ಉದ್ದಕ್ಕೂ ಎಂಸಿಪಿ 3208 ಬಳಸುತ್ತೇನೆ. ಎಂಟು ಚಾನೆಲ್, 12 ಬಿಟ್, ಎಸ್‌ಪಿಐ (ನ್ಯಾನೋ ಜೊತೆ ಮಾತಾಡುವ ತಂತಿಗಳ ಕ್ರಮ), 16 ಕಾಲು. ನ್ಯಾನೋದ ಒಳಗಿನ ಎಡಿಸಿ 10 ಬಿಟ್‌ನದು, ಅದೂ ನಡೆಯುತ್ತದೆ; ಆದರೆ ಅದು ಪ್ರೊಸೆಸರ್‌ನ ಗದ್ದಲದ ನಡುವೆ ಕೂತಿರುತ್ತದೆ. ಎಡಿಎಸ್ 1115 ಒಳ್ಳೆಯ ಚಿಪ್, 16 ಬಿಟ್, ಒಳಗೇ ರೆಫರೆನ್ಸ್ (ಅಳೆಯಲು ಆಧಾರವಾಗುವ ಸ್ಥಿರ ವೋಲ್ಟೇಜ್) ಇದೆ. ಆದರೆ ನಾಲ್ಕೇ ಚಾನೆಲ್, ಸೆಕೆಂಡಿಗೆ ಹೆಚ್ಚೆಂದರೆ 860 ಓದು. ಪಂಪಿನ ಕರೆಂಟ್ ಅಲೆಯನ್ನು ಹಿಡಿಯಲು ನನಗೆ ಅದು ಸಾಲದು ಅನ್ನಿಸುತ್ತದೆ. 16 ಬಿಟ್ ಅಂದಕೂಡಲೇ ಮನಸ್ಸು ಸೋಲುವುದು ಸಹಜ. ಆದರೆ ಮಣ್ಣಿನ ಸೆನ್ಸರ್ ನೂರಕ್ಕೆ ಎರಡು ಮೂರು ತಪ್ಪು ಹೇಳುವಾಗ ಕೊನೆಯ ನಾಲ್ಕು ಬಿಟ್ ಸುಮ್ನೆ ಗದ್ದಲವನ್ನೇ ಅಳೆಯುತ್ತಿರುತ್ತವೆ.

ರೆಫರೆನ್ಸ್‌ಗೆ ಎಂಸಿಪಿ 1541 ಹಾಕಿ. ಅದು 4.096 ವೋಲ್ಟ್ ಕೊಡುತ್ತದೆ. 12 ಬಿಟ್ ಅಂದರೆ 4096 ಮೆಟ್ಟಿಲು. ಹಾಗಾಗಿ ಒಂದು ಕೌಂಟ್ ಅಂದರೆ ಸರಿಯಾಗಿ 1 ಮಿಲಿವೋಲ್ಟ್. ಮೀಟರ್ ಹಿಡಿದು ಹೋಲಿಸಿ ನೋಡುವಾಗ ಇದು ಎಷ್ಟು ಆರಾಮ ಅನ್ನುವುದು ಮಾಡಿದವರಿಗೇ ಗೊತ್ತು. ರೆಫರೆನ್ಸ್‌ನ ಹೊರದಾರಿಗೆ 1ರಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಡ್ಡಾಯ. ಅದರಿಂದ 2 ಮಿಲಿಆಂಪಿಯರ್‌ಗಿಂತ ಜಾಸ್ತಿ ಎಳೆಯಬೇಡಿ.

ನ್ಯಾನೋ ಬದಲು 3.3 ವೋಲ್ಟ್‌ನ ಇಎಸ್‌ಪಿ 32 ಬೋರ್ಡ್ ಬಳಸುವವರಿಗೆ ಒಂದು ಎಚ್ಚರಿಕೆ. 5 ವೋಲ್ಟ್‌ನಲ್ಲಿ ಓಡುವ ಎಂಸಿಪಿ 3208ಗೆ ‘ಒಂದು’ ಅನ್ನುವ ಸಂಕೇತ ಅರ್ಥವಾಗಲು ಸರಬರಾಜಿನ ಶೇಕಡಾ 70, ಅಂದರೆ 3.5 ವೋಲ್ಟ್ ಬೇಕು. 3.3 ವೋಲ್ಟ್ ಬೋರ್ಡ್ ಅಷ್ಟು ಕೊಡುವುದಿಲ್ಲ. ಟೇಬಲ್ ಮೇಲೆ ಕೆಲಸ ಮಾಡಿದ ಹಾಗೆ ಕಂಡರೂ ನಂಬಬೇಡಿ. ನಡುವೆ 74ಎಚ್‌ಸಿಟಿ125 ಥರದ ಲೆವೆಲ್ ಬದಲಾಯಿಸುವ ಚಿಪ್ ಹಾಕಿ. ಎಡಿಸಿಯಿಂದ ವಾಪಸ್ ಬರುವ ತಂತಿಯಲ್ಲಿ 5 ವೋಲ್ಟ್ ಇರುತ್ತದೆ, ಅದನ್ನು ಎರಡು ರೆಸಿಸ್ಟರ್‌ನಿಂದ ಇಳಿಸಿ.

ಎಂಟು ಚಾನೆಲ್‌ಗಳನ್ನು ಹೀಗೆ ಹಂಚೋಣ: ಮೂರು ಮಣ್ಣಿನ ತೇವಕ್ಕೆ, ಎರಡು ಉಷ್ಣತೆಗೆ (ಒಂದು ಡ್ರೈಯರ್ ಒಳಗೆ, ಒಂದು ಹೊರಗೆ), ಒಂದು ಟ್ಯಾಂಕಿನ ಮಟ್ಟಕ್ಕೆ, ಒಂದು ಪಂಪಿಗೆ, ಒಂದು ಬ್ಯಾಟರಿಗೆ. ಚಾನೆಲ್ ಉಳಿದರೆ ಅದನ್ನು ತೇಲಲು ಬಿಡದೆ ಗ್ರೌಂಡಿಗೆ ಕಟ್ಟಿ.

ಚಿಪ್‌ನ ಒಳಗೆ ಏನಾಗುತ್ತದೆ

ಎಂಟು ಚಾನೆಲ್ ಅಂದರೆ ಎಂಟು ಎಡಿಸಿ ಅಂತ ಅಂದುಕೊಂಡರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಒಳಗೆ ಇರುವುದು ಒಂದೇ ಎಡಿಸಿ. ಅದರ ಮುಂದೆ ಎಂಟು ದಾರಿಯ ಒಂದು ಸ್ವಿಚ್. ಸ್ವಿಚ್‌ನ ಹಿಂದೆ ಸುಮಾರು 20 ಪಿಕೋಫ್ಯಾರಡ್‌ನ ಒಂದು ಪುಟ್ಟ ಕೆಪಾಸಿಟರ್. ಚಾನೆಲ್ ಆರಿಸಿದಾಗ ಆ ಕೆಪಾಸಿಟರ್ ನಿಮ್ಮ ಸೆನ್ಸರ್‌ಗೆ ಅಂಟಿಕೊಂಡು, ಅಲ್ಲಿನ ವೋಲ್ಟೇಜಿಗೆ ತುಂಬಿಕೊಂಡು, ಮತ್ತೆ ಬಿಡಿಸಿಕೊಳ್ಳುತ್ತದೆ. ಆಮೇಲೆ ಅದರಲ್ಲಿ ಉಳಿದದ್ದನ್ನು ಎಡಿಸಿ ಅಳೆಯುತ್ತದೆ.

ಸಮಸ್ಯೆ ಇರುವುದು ಈ ತುಂಬಿಕೊಳ್ಳುವ ಹೊತ್ತಿನಲ್ಲಿ. ಹಿಂದಿನ ಚಾನೆಲ್‌ನಲ್ಲಿ 4 ವೋಲ್ಟ್ ಇದ್ದು ಈಗಿನದರಲ್ಲಿ ಅರ್ಧ ವೋಲ್ಟ್ ಇದ್ದರೆ, ಕೆಪಾಸಿಟರ್ ಮೂರೂವರೆ ವೋಲ್ಟ್ ಇಳಿಯಬೇಕು. ಪೂರ್ತಿ ಇಳಿಯುವ ಮುಂಚೆ ಸ್ವಿಚ್ ಬಿಟ್ಟುಕೊಂಡರೆ ಹಳೆಯ ಚಾನೆಲ್‌ನ ನೆರಳು ಹೊಸದರಲ್ಲಿ ಉಳಿಯುತ್ತದೆ. ಡ್ರೈಯರ್‌ಗೆ ಬೆಂಕಿ ಹಾಕಿದಾಗ ಮಣ್ಣಿನ ತೇವ ಏರಿದ ಹಾಗೆ ಕಾಣುವುದು ಇದರಿಂದಲೇ.

12 ಬಿಟ್‌ನಲ್ಲಿ ಅರ್ಧ ಕೌಂಟ್‌ನೊಳಗೆ ಬರಲು ಸುಮಾರು 9 ಟೈಮ್ ಕಾನ್‌ಸ್ಟಂಟ್ (ರೆಸಿಸ್ಟರ್ ಗುಣಿಸು ಕೆಪಾಸಿಟರ್) ಕಾಯಬೇಕು. ಚಿಪ್ ಈ ಕೆಲಸಕ್ಕೆ ಕೊಡುವುದು ಒಂದೂವರೆ ಕ್ಲಾಕ್ (ಎಸ್‌ಪಿಐ ತಂತಿಯ ಬಡಿತ). 1 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಅದು 1.5 ಮೈಕ್ರೋಸೆಕೆಂಡ್. 9ರಿಂದ ಭಾಗಿಸಿದರೆ ಒಂದು ಟೈಮ್ ಕಾನ್‌ಸ್ಟಂಟ್ 0.167 ಮೈಕ್ರೋಸೆಕೆಂಡ್ ಮೀರಬಾರದು. 20 ಪಿಕೋಫ್ಯಾರಡ್‌ಗೆ ಅದು ಸುಮಾರು 8.3 ಕಿಲೋಓಮ್ ಆಗುತ್ತದೆ. ಅದರಲ್ಲಿ 1 ಕಿಲೋಓಮ್ ಸ್ವಿಚ್‌ನದೇ. ನಿಮಗೆ ಉಳಿಯುವುದು 7 ಚಿಲ್ಲರೆ ಕಿಲೋಓಮ್. ಕ್ಲಾಕ್ 2 ಮೆಗಾಹರ್ಟ್ಸ್ ಮಾಡಿದರೆ 3 ಕಿಲೋಓಮ್ ಮಾತ್ರ. ಬ್ಯಾಟರಿ ಉಳಿಸಲು 1 ಮೆಗಾಓಮ್ ಡಿವೈಡರ್ (ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್) ಹಾಕಿ ನೇರ ಕಾಲಿಗೆ ಕೊಟ್ಟರೆ ಏನಾಗುತ್ತದೆ ಅಂತ ಇದರಿಂದಲೇ ತಿಳಿಯುತ್ತದೆ, ಅಲ್ವಾ?

ಇದಕ್ಕೆ ಪರಿಹಾರ ಪ್ರತಿ ಕಾಲಿನ ಬುಡದಲ್ಲೇ ಒಂದು ದೊಡ್ಡ ಕೆಪಾಸಿಟರ್. ಬಚ್ಚಲ ಹಂಡೆಯಿಂದ ಒಂದು ಲೋಟ ನೀರು ತೆಗೆದರೆ ಮಟ್ಟ ಇಳಿದದ್ದು ಕಾಣುವುದಿಲ್ಲವಲ್ಲ, ಹಾಗೆ. ಎಷ್ಟು ದೊಡ್ಡದು ಬೇಕು? ಅರ್ಧ ಕೌಂಟ್‌ಗೂ ಅಲುಗಾಡಬಾರದು ಅಂದರೆ ಒಳಗಿನ ಕೆಪಾಸಿಟರ್‌ನ 8192 ಪಟ್ಟು. 20 ಪಿಕೋಫ್ಯಾರಡ್‌ಗೆ ಅದು 0.16 ಮೈಕ್ರೋಫ್ಯಾರಡ್. ಅಂಗಡಿಯಲ್ಲಿ ಸಿಗುವ ಮುಂದಿನ ಅಳತೆ 0.22 ಮೈಕ್ರೋಫ್ಯಾರಡ್. ಎಕ್ಸ್7ಆರ್ ಜಾತಿಯ ಸೆರಾಮಿಕ್ ತಗೊಳ್ಳಿ.

ಆದರೆ ತೆಗೆದ ಲೋಟವನ್ನು ಸೆನ್ಸರ್ ಮತ್ತೆ ತುಂಬಲೇಬೇಕು. ಇದನ್ನು ಮರೆಯುವವರು ಬಹಳ. ಸೆನ್ಸರ್ ಕಡೆಯ ರೆಸಿಸ್ಟೆನ್ಸ್, ಅಂದರೆ ಮೂಲ, 7.5 ಕಿಲೋಓಮ್ ಇದೆ, ಪ್ರತಿ ಓದಿಗೂ 4 ವೋಲ್ಟ್‌ನಷ್ಟು ವ್ಯತ್ಯಾಸ ಇದೆ ಅನ್ನೋಣ. ಸೆಕೆಂಡಿಗೆ 10 ಸಲ ಓದಿದರೆ ಸರಾಸರಿ ಎಳೆತ 0.8 ನ್ಯಾನೋಆಂಪಿಯರ್, ತಪ್ಪು 6 ಮೈಕ್ರೋವೋಲ್ಟ್. ಏನೂ ಅಲ್ಲ. ಅದೇ ಚಾನೆಲ್‌ಗಳನ್ನು ಸೆಕೆಂಡಿಗೆ 10,000 ಸಲ ತಿರುಗಿಸಿ ಓದಿದರೆ ತಪ್ಪು 6 ಮಿಲಿವೋಲ್ಟ್, ಅಂದರೆ 6 ಕೌಂಟ್. ಆದ್ದರಿಂದ ನಿಧಾನದ ಸೆನ್ಸರ್‌ಗಳನ್ನು ನಿಧಾನವಾಗಿಯೇ ಓದಿ. ಮಣ್ಣಿನ ತೇವ ಒಂದು ಮಿಲಿಸೆಕೆಂಡಿನಲ್ಲಿ ಬದಲಾಗುವುದಿಲ್ಲ.

ತೇವದ ಲೆಕ್ಕ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಮೀರಿ ಮಳೆ. ಉಳಿದ ಕಡೆ ಕಮ್ಮಿ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಹವೆಯಲ್ಲಿ ಸರ್ಕ್ಯೂಟ್ ಬೋರ್ಡ್ ಒಣಗಿರುತ್ತದೆ ಅಂತ ನಂಬುವುದು ಕಷ್ಟ. ಬೋರ್ಡ್ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಯ ಅಂಟು) ತೇವ ಹೀರಿಕೊಂಡು ಎರಡು ತಾಮ್ರದ ಗೆರೆಗಳ ನಡುವೆ ಸಣ್ಣ ಸೋರಿಕೆಯ ದಾರಿ ಮಾಡುತ್ತದೆ. ಆ ದಾರಿ 100 ಮೆಗಾಓಮ್ ಅನ್ನಿ. ನಿಮ್ಮ ಮೂಲ 1 ಮೆಗಾಓಮ್ ಇದ್ದರೆ ಶೇಕಡಾ 1ರಷ್ಟು ತಪ್ಪು, ಸುಮಾರು 40 ಕೌಂಟ್. 10 ಕಿಲೋಓಮ್ ಇದ್ದರೆ ಶೇಕಡಾ 0.01, ಅರ್ಧ ಕೌಂಟ್‌ಗೂ ಕಮ್ಮಿ. ಇಷ್ಟೇ ವಿಷಯ. ಬಯಲುಸೀಮೆಯಲ್ಲಿ ನಡೆಯುವ ದೊಡ್ಡ ರೆಸಿಸ್ಟರ್‌ಗಳ ಸರ್ಕ್ಯೂಟ್ ನಮ್ಮಲ್ಲಿ ಆಷಾಢಕ್ಕೆ ಕೈ ಕೊಡುತ್ತದೆ.

ಹಾಗಾಗಿ ಎಲ್ಲೂ 30 ಕಿಲೋಓಮ್ ಮೀರದ ಹಾಗೆ ನೋಡಿಕೊಂಡಿದ್ದೇನೆ. ಬೋರ್ಡನ್ನು ಬೆಸುಗೆ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯಿರಿ. ಚೆನ್ನಾಗಿ ಒಣಗಿಸಿ, ಆಮೇಲೆ ಅಕ್ರಿಲಿಕ್ ಲೇಪನದ ಸ್ಪ್ರೇ ಹೊಡೆಯಿರಿ. ಕನೆಕ್ಟರ್‌ಗಳಿಗೆ ಟೇಪ್ ಹಾಕಿ ಮುಚ್ಚಿಕೊಂಡು ಹೊಡೆಯಿರಿ. ತೊಳೆಯದೆ ಲೇಪನ ಹಾಕಿದರೆ ಕೊಳೆಯನ್ನೇ ಒಳಗೆ ಬಂಧಿಸಿದ ಹಾಗೆ. ಪೆಟ್ಟಿಗೆ ಐಪಿ 65 (ಧೂಳು, ನೀರಿನ ಹೊಡೆತ ತಡೆಯುವುದು) ಇರಲಿ, ಕೇಬಲ್‌ಗಳು ಕೆಳಗಿನಿಂದಲೇ ಒಳಗೆ ಹೋಗಲಿ, ಹೋಗುವ ಮುಂಚೆ ಒಂದು ಬಳುಕು ಕೆಳಗೆ ಇಳಿದು ಏರಲಿ. ತಂತಿ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕೇಬಲ್ ಇಲ್ಲದ ತೂತುಗಳನ್ನು ಮುಚ್ಚಿ, ಇರುವೆ ಗೂಡು ಕಟ್ಟಲು ಮಳೆಗಾಲದ ಒಂದು ವಾರ ಸಾಕು.

ಒಂದೊಂದೇ ಚಾನೆಲ್

ಮಣ್ಣಿನ ತೇವ. ಎರಡು ಕಡ್ಡಿ ಚುಚ್ಚಿ ರೆಸಿಸ್ಟೆನ್ಸ್ ಅಳೆಯುವ ಅಗ್ಗದ ಸೆನ್ಸರ್ ಬೇಡ. ನೇರ ವಿದ್ಯುತ್ ಹರಿದು ಕಡ್ಡಿ ಸವೆಯುತ್ತದೆ, ಗೊಬ್ಬರ ಹಾಕಿದಾಗ ಅಂಕಿ ಹಾರುತ್ತದೆ. ಕೆಪಾಸಿಟಿವ್ ಜಾತಿಯದು ತಗೊಳ್ಳಿ. ಆದರೆ ಅದರ ಹೊರದಾರಿಯಲ್ಲಿ ಇರುವುದು ಒಂದು ಡಯೋಡ್, ಒಂದು ಕೆಪಾಸಿಟರ್ ಅಷ್ಟೇ. ಎಡಿಸಿಗೆ ಕರೆಂಟ್ ಕೊಡುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ನಡುವೆ ಆಪ್-ಆಂಪ್ ಬಫರ್ (ಅದೇ ವೋಲ್ಟೇಜನ್ನು ಶಕ್ತಿ ತುಂಬಿ ಮುಂದೆ ಕೊಡುವ ಭಾಗ) ಬೇಕು. ಎಂಸಿಪಿ 6004ರಲ್ಲಿ ನಾಲ್ಕು ಆಪ್-ಆಂಪ್ ಇರುತ್ತವೆ. ಮೂರು ಮಣ್ಣಿಗೆ, ನಾಲ್ಕನೆಯದು ಪಂಪಿನ ಚಾನೆಲ್‌ಗೆ ಬೇಕಾಗುತ್ತದೆ. ಕೈಗೆ ಸಿಕ್ಕಿತು ಅಂತ ಎಲ್‌ಎಂ 358 ಹಾಕಬೇಡಿ. 5 ವೋಲ್ಟ್ ಸರಬರಾಜಿನಲ್ಲಿ ಅದು ಸುಮಾರು 3.5 ವೋಲ್ಟ್ ದಾಟಿ ಏರುವುದಿಲ್ಲ.

ಸೆನ್ಸರ್ ಕಡೆಯಿಂದ 22 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 0.47 ಮೈಕ್ರೋಫ್ಯಾರಡ್, ಆಮೇಲೆ ಬಫರ್. ಇದು 15 ಹರ್ಟ್ಸ್ ಮೇಲಿನದ್ದನ್ನು ತಗ್ಗಿಸುತ್ತದೆ, ಮೇನ್ಸ್‌ನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಬಫರ್‌ನಿಂದ 1 ಕಿಲೋಓಮ್, ಕಾಲಿನ ಬುಡದಲ್ಲಿ 0.22 ಮೈಕ್ರೋಫ್ಯಾರಡ್. ಈ 1 ಕಿಲೋಓಮ್ ಬಿಡಬೇಡಿ. ಆಪ್-ಆಂಪ್‌ನ ಹೊರದಾರಿಗೆ ನೇರ ಕೆಪಾಸಿಟರ್ ಕಟ್ಟಿದರೆ ಅದು ತಾನೇ ಕಂಪಿಸಲು ಶುರು ಮಾಡುತ್ತದೆ. ಕೇಬಲ್ ಹತ್ತಾರು ಮೀಟರ್ ಇದ್ದರೆ ಇನ್ನೊಂದು ಬಫರನ್ನು ಸೆನ್ಸರ್‌ನ ತಲೆಯಲ್ಲೇ ಇಡಿ. ಸೆನ್ಸರ್ ಪಟ್ಟಿಯ ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ. ನೀರು ಒಳಗೆ ಹೋಗುವುದು ಆ ಅಂಚಿನಿಂದಲೇ.

ಉಷ್ಣತೆ. 10 ಕಿಲೋಓಮ್ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವುದು) ಸಾಕು. ಮೇಲೆ 10 ಕಿಲೋಓಮ್‌ನ ಶೇಕಡಾ 1 ಮೆಟಲ್ ಫಿಲ್ಮ್ ರೆಸಿಸ್ಟರ್, ಕೆಳಗೆ ಥರ್ಮಿಸ್ಟರ್. ಇದಕ್ಕೆ ವೋಲ್ಟೇಜನ್ನು 5 ವೋಲ್ಟ್ ರೈಲಿನಿಂದ, ಅಂದರೆ ಸರಬರಾಜಿನ ಗೆರೆಯಿಂದ, ಕೊಡಬೇಡಿ, ಎಡಿಸಿಯ ರೆಫರೆನ್ಸ್‌ನಿಂದಲೇ ಕೊಡಿ. ಆಗ ರೆಫರೆನ್ಸ್ ಸ್ವಲ್ಪ ಏರಿದರೂ ಇಳಿದರೂ ಡಿವೈಡರ್ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ, ಎಡಿಸಿಯ ಅಂಕಿ ಬದಲಾಗುವುದಿಲ್ಲ. ಇಷ್ಟು ಸರಳ ಉಪಾಯದಿಂದ ಒಂದು ದೊಡ್ಡ ತಪ್ಪು ಪೂರ್ತಿ ಮಾಯವಾಗುತ್ತದೆ, ನನಗೆ ಈ ವಿದ್ಯೆಯಲ್ಲಿ ಇದರಷ್ಟು ಇಷ್ಟವಾದದ್ದು ಬೇರೆ ಇಲ್ಲ. ಎರಡೂ ಉಷ್ಣತೆಯ ಚಾನೆಲ್ ಸೇರಿ ರೆಫರೆನ್ಸ್‌ನಿಂದ ಎಳೆಯುವುದು 1 ಮಿಲಿಆಂಪಿಯರ್‌ಗಿಂತ ಕಮ್ಮಿ.

ಬೀಟಾ (ಬಿಸಿಗೆ ಎಷ್ಟು ಬದಲಾಗುತ್ತದೆ ಅನ್ನುವ ಅಂಕಿ) 3950 ಇರುವ ಥರ್ಮಿಸ್ಟರ್ 60 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್ ಆಗುತ್ತದೆ. ಆಗ ಕಾಲಿನಲ್ಲಿ 0.82 ವೋಲ್ಟ್, ಡಿಗ್ರಿಗೆ ಸುಮಾರು 23 ಕೌಂಟ್. 25 ಡಿಗ್ರಿಯಲ್ಲಿ ಡಿಗ್ರಿಗೆ 45 ಕೌಂಟ್. ಅಡಿಕೆ ಒಣಗಿಸಲು ಇದಕ್ಕಿಂತ ನಿಖರತೆ ಬೇಕಿಲ್ಲ. ಡ್ರೈಯರ್ ಒಳಗಿನ ತಂತಿಗೆ ಮಾತ್ರ ಸಿಲಿಕಾನ್ ಅಥವಾ ಟೆಫ್ಲಾನ್ ಹೊದಿಕೆ ಇರಲಿ, ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ.

ಟ್ಯಾಂಕಿನ ಮಟ್ಟ. ಗುಡ್ಡದ ಮೇಲಿನ ಟ್ಯಾಂಕು ಮನೆಯಿಂದ ದೂರ ಇರುತ್ತದೆ. ಅಷ್ಟು ದೂರಕ್ಕೆ ವೋಲ್ಟೇಜ್ ಕಳಿಸುವುದು ಸರಿಯಲ್ಲ, ಕರೆಂಟ್ ಕಳಿಸಬೇಕು. 4ರಿಂದ 20 ಮಿಲಿಆಂಪಿಯರ್ ಕೊಡುವ, ನೀರಿನಲ್ಲಿ ಮುಳುಗಿಸುವ ಒತ್ತಡದ ಸೆನ್ಸರ್ ತಗೊಳ್ಳಿ. ತಂತಿಯ ಉದ್ದ ಎಷ್ಟಿದ್ದರೂ ಅದರಲ್ಲಿ ಹರಿಯುವ ಕರೆಂಟ್ ಒಂದೇ. ಪೆಟ್ಟಿಗೆಯಲ್ಲಿ 150 ಓಮ್ ರೆಸಿಸ್ಟರ್ ಇಟ್ಟರೆ 0.6ರಿಂದ 3.0 ವೋಲ್ಟ್ ಸಿಗುತ್ತದೆ. 5 ಮೀಟರ್ ಸೆನ್ಸರ್‌ಗೆ ಒಂದು ಕೌಂಟ್ ಅಂದರೆ ಸುಮಾರು 2 ಮಿಲಿಮೀಟರ್ ನೀರು. ಇನ್ನೊಂದು ಲಾಭ: ಟ್ಯಾಂಕ್ ಖಾಲಿ ಇದ್ದರೂ 4 ಮಿಲಿಆಂಪಿಯರ್ ಇರಲೇಬೇಕು. ಅಂಕಿ ಸೊನ್ನೆಗೆ ಬಂದರೆ ನೀರು ಮುಗಿದದ್ದಲ್ಲ, ತಂತಿ ಕಡಿದಿದೆ. ಕಾಡುಹಂದಿ ತಂತಿ ಅಗೆದಿದೆಯೋ ಟ್ಯಾಂಕ್ ಬರಿದಾಗಿದೆಯೋ ಅಂತ ಮನೆಯಿಂದಲೇ ಗೊತ್ತಾಗುತ್ತದೆ. ಲೂಪ್‌ಗೆ 24 ವೋಲ್ಟ್ ಬೇಕು. ತಂತಿ ಶಾರ್ಟ್ ಆದರೆ ಆ 24 ವೋಲ್ಟ್ ಪೂರ್ತಿ 150 ಓಮ್ ಮೇಲೆ ಬಿದ್ದು ಸುಮಾರು 3.8 ವಾಟ್ ಆಗುತ್ತದೆ, ಕಾಲು ವಾಟ್ ರೆಸಿಸ್ಟರ್ ಸುಟ್ಟೇ ಹೋಗುತ್ತದೆ. ಹಾಗಾಗಿ ದಾರಿಯಲ್ಲಿ ತಾನೇ ಸರಿಹೋಗುವ ಪಿಟಿಸಿ ಫ್ಯೂಸ್ ಒಂದು ಇರಲಿ. 150 ಓಮ್‌ನ ಮೇಲ್ತುದಿಯಿಂದ 1 ಕಿಲೋಓಮ್, ಕಾಲಿನಲ್ಲಿ 0.22 ಮೈಕ್ರೋಫ್ಯಾರಡ್.

ಪಂಪ್. ಇಲ್ಲಿ ಮೇನ್ಸ್ ಹತ್ತಿರ ಹೋಗುತ್ತೀರಿ, ಗೊತ್ತಿದ್ದ ಎಲೆಕ್ಟ್ರಿಶಿಯನ್ ಜೊತೆಗಿರಲಿ. ಸೀಳಿ ತೆರೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್ (ತಂತಿಯ ಸುತ್ತ ಸಿಕ್ಕಿಸಿ ಕರೆಂಟ್ ಅಳೆಯುವುದು) ಬಳಸಿ, 2000 ಸುತ್ತಿನದು. ಒಂದೇ ಫೇಸಿನ ಒಂದೇ ತಂತಿಯನ್ನು ಅದರೊಳಗೆ ಹಾಯಿಸಬೇಕು; ಮೂರನ್ನೂ ಹಾಯಿಸಿದರೆ ಒಂದನ್ನೊಂದು ಕಳೆದು ಸೊನ್ನೆ ಬರುತ್ತದೆ. 5 ಎಚ್‌ಪಿ ತ್ರೀ ಫೇಸ್ ಮೋಟರ್ ಓಡುವಾಗ 7–8 ಆಂಪಿಯರ್, ಶುರುವಾಗುವ ಕ್ಷಣದಲ್ಲಿ ಅದರ ಆರು ಪಟ್ಟು. 48 ಆಂಪಿಯರ್‌ನ ಶಿಖರ 68, ಅದನ್ನು 2000ದಿಂದ ಭಾಗಿಸಿದರೆ 34 ಮಿಲಿಆಂಪಿಯರ್. ಆ ಕರೆಂಟನ್ನು ವೋಲ್ಟೇಜ್ ಮಾಡುವ 47 ಓಮ್ ಬರ್ಡನ್ ರೆಸಿಸ್ಟರ್ ಮೇಲೆ ಅದು 1.6 ವೋಲ್ಟ್. ಓಡುವಾಗ 0.27 ವೋಲ್ಟ್ ಶಿಖರ, ಅಂದರೆ 270 ಕೌಂಟ್. ಒಣ ಓಟ, ಒಂದು ಫೇಸ್ ಹೋಗಿರುವುದು, ಸಿಕ್ಕಿಕೊಂಡ ಇಂಪೆಲ್ಲರ್ ಎಲ್ಲ ಗುರುತಿಸಲು ಇಷ್ಟು ಧಾರಾಳ.

ಕರೆಂಟ್ ಎರಡೂ ದಿಕ್ಕಿಗೆ ಓಡಾಡುತ್ತದೆ, ಎಡಿಸಿಗೆ ಸೊನ್ನೆಯ ಕೆಳಗಿನದು ಕಾಣುವುದಿಲ್ಲ. ಆದ್ದರಿಂದ ಟ್ರಾನ್ಸ್‌ಫಾರ್ಮರ್‌ನ ಒಂದು ತುದಿಯನ್ನು 2.048 ವೋಲ್ಟ್ ಮೇಲೆ ಕೂರಿಸಬೇಕು. ರೆಫರೆನ್ಸ್‌ನಿಂದ ಎರಡು 10 ಕಿಲೋಓಮ್ ಡಿವೈಡರ್, ನಡುವೆ 10 ಮೈಕ್ರೋಫ್ಯಾರಡ್, ಆಮೇಲೆ ನಾಲ್ಕನೆಯ ಆಪ್-ಆಂಪ್. ಇನ್ನೊಂದು ತುದಿಯಿಂದ 1 ಕಿಲೋಓಮ್, 0.1 ಮೈಕ್ರೋಫ್ಯಾರಡ್. ಇಲ್ಲಿ 0.22 ಬೇಡ, ಅಲೆ ದಾಟಬೇಕು. ಒಂದೇ ಚಾನೆಲನ್ನು ಸತತ ಓದುವುದರಿಂದ ಹಳೆಯ ನೆರಳಿನ ಕಾಟವೂ ಕಮ್ಮಿ. ಬರ್ಡನ್ ರೆಸಿಸ್ಟರ್ ಕಟ್ಟುವ ಮುಂಚೆ ಓಡುತ್ತಿರುವ ಮೋಟರ್‌ನ ತಂತಿಗೆ ಟ್ರಾನ್ಸ್‌ಫಾರ್ಮರ್ ಸಿಕ್ಕಿಸಬೇಡಿ. ತೆರೆದ ತುದಿಯಲ್ಲಿ ಅಪಾಯದ ವೋಲ್ಟೇಜ್ ಏಳುತ್ತದೆ. ಆ ರೆಸಿಸ್ಟರನ್ನು ಟ್ರಾನ್ಸ್‌ಫಾರ್ಮರ್‌ನ ತಂತಿಯಲ್ಲೇ ಬೆಸೆದುಬಿಡಿ, ಪ್ಲಗ್ ಕಿತ್ತರೂ ಅದು ಅಲ್ಲೇ ಇರುತ್ತದೆ.

ಬ್ಯಾಟರಿ. ಮೇಲೆ 30, ಕೆಳಗೆ 10 ಕಿಲೋಓಮ್. ಸೋಲಾರ್ ಚಾರ್ಜ್ ಆಗುವಾಗಿನ 14.4 ವೋಲ್ಟ್ 3.6 ಆಗುತ್ತದೆ. ಮೂಲ 7.5 ಕಿಲೋಓಮ್, ಕಾಲಿನಲ್ಲಿ 0.22 ಮೈಕ್ರೋಫ್ಯಾರಡ್. ಮುಗಿಯಿತು.

ಸಿಡಿಲಿಗೆ ಏನು ಮಾಡುವುದು

ತೋಟದ ಮೇಲೆ ನೇರ ಬಿದ್ದ ಸಿಡಿಲಿಗೆ ಯಾವ ಡಯೋಡೂ ಉತ್ತರವಲ್ಲ. ನಾವು ತಡೆಯಬಹುದಾದದ್ದು ದೂರದಲ್ಲಿ ಬಿದ್ದ ಸಿಡಿಲು ನಮ್ಮ ಉದ್ದ ತಂತಿಗಳಲ್ಲಿ ಎಬ್ಬಿಸುವ ಹೊಡೆತವನ್ನು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಇದು ಜೋರು. ಜಂಬಿಟ್ಟಿಗೆ ನೆಲ ಆಗಲೇ ತೀರಾ ಒಣಗಿರುತ್ತದೆ, ಅರ್ಥಿಂಗ್ ಅತಿ ದುರ್ಬಲವಾಗಿರುವುದೂ ಆಗಲೇ. ಮಾರ್ಚ್‌ನಿಂದ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಾ ಬನ್ನಿ. ದುಬಾರಿ ಸಾಮಾನು ತರುವ ಮುಂಚೆ ಮಾಡಬೇಕಾದ ಕೆಲಸ ಅದು.

ಪೆಟ್ಟಿಗೆಗೆ ಬರುವ ಉದ್ದ ತಂತಿಗೆ ಮೂರು ಬಾಗಿಲು ಇಡಿ. ಮೊದಲು 90 ವೋಲ್ಟ್‌ನ ಗ್ಯಾಸ್ ಡಿಸ್‌ಚಾರ್ಜ್ ಟ್ಯೂಬ್, ಅರ್ಥಿಂಗ್‌ಗೆ. ಅದು ದೊಡ್ಡ ಹೊಡೆತ ತಿನ್ನುತ್ತದೆ, ಆದರೆ ಎಚ್ಚರಗೊಳ್ಳುವ ಮುಂಚೆ ನೂರಾರು ವೋಲ್ಟ್ ಒಳಗೆ ಬಿಟ್ಟಿರುತ್ತದೆ. ಆಮೇಲೆ 10 ಓಮ್, ಅದರ ನಂತರ ಟಿವಿಎಸ್ ಡಯೋಡ್ (ಹೊಡೆತವನ್ನು ಮಿತಿಗೆ ತಗ್ಗಿಸುವುದು). 24 ವೋಲ್ಟ್ ಲೂಪ್‌ಗೆ 26 ವೋಲ್ಟ್‌ನದು. ಕೊನೆಯದು ಚಿಪ್‌ನ ಹತ್ತಿರದ ಬಾಗಿಲು: ಕಾಲಿಗೆ ಹೋಗುವ ಗೆರೆಯಿಂದ 5 ವೋಲ್ಟ್‌ಗೆ ಒಂದು, ಗ್ರೌಂಡಿಗೆ ಒಂದು ಡಯೋಡ್.

ಈ ಕೊನೆಯ ಡಯೋಡ್ ಯಾವುದು ಅನ್ನುವುದು ಮುಖ್ಯ. ಎಲ್ಲರೂ ಬಿಎಟಿ 54 ಶಾಟ್ಕಿ ಹಾಕುತ್ತಾರೆ, ಅದರ ವೋಲ್ಟೇಜ್ ಇಳಿತ ಕಮ್ಮಿ ಅಂತ. ಆದರೆ ಶಾಟ್ಕಿ ಸೋರುತ್ತದೆ, ಬಿಸಿಯಾದಷ್ಟೂ ಜಾಸ್ತಿ ಸೋರುತ್ತದೆ. ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ ಆ ಸೋರಿಕೆ ನಿಮ್ಮ ಅಂಕಿಯ ಭಾಗವಾಗುತ್ತದೆ. ನಾನು ಬಿಎವಿ 199 ಹಾಕಿ ಅನ್ನುತ್ತೇನೆ. ಅದರ ಸೋರಿಕೆ ಕೋಣೆಯ ಉಷ್ಣತೆಯಲ್ಲಿ 5 ನ್ಯಾನೋಆಂಪಿಯರ್ ಮೀರುವುದಿಲ್ಲ. ಇಳಿತ ಸುಮಾರು 0.9 ವೋಲ್ಟ್, ಚಿಪ್‌ನ ಕಾಲು ತಾಳುವುದು ಸರಬರಾಜಿನ ಮೇಲೆ 0.6 ವೋಲ್ಟ್. ಆ 0.3 ವೋಲ್ಟ್ ವ್ಯತ್ಯಾಸಕ್ಕೆ ಡಯೋಡಿನ ನಂತರ, ಕಾಲಿನ ಮುಂಚೆ 1 ಕಿಲೋಓಮ್ ಇರಬೇಕು. ಆಗ ಕಾಲಿನೊಳಗೆ ಹೋಗುವುದು 0.3 ಮಿಲಿಆಂಪಿಯರ್ ಅಷ್ಟೇ. ಟ್ಯಾಂಕ್, ಪಂಪ್ ಚಾನೆಲ್‌ಗಳಲ್ಲಿ ಮೇಲೆ ಹೇಳಿದ 1 ಕಿಲೋಓಮೇ ಈ ಕೆಲಸ ಮಾಡುತ್ತದೆ, ಡಯೋಡನ್ನು ಅದರ ಹೊರಬದಿಗೆ ಕೂರಿಸಿ. ಮಣ್ಣಿನ ಚಾನೆಲ್‌ನಲ್ಲಿ ಡಯೋಡಿನ ಜಾಗ 22 ಕಿಲೋಓಮ್ ಆದ ಮೇಲೆ, ಬಫರ್‌ನ ಬಾಗಿಲಲ್ಲಿ. ಥರ್ಮಿಸ್ಟರ್, ಬ್ಯಾಟರಿ ಚಾನೆಲ್‌ಗೆ ಡಿವೈಡರ್ ನಂತರ ಡಯೋಡ್, 1 ಕಿಲೋಓಮ್, ಕೆಪಾಸಿಟರ್, ಕಾಲು.

ಡಯೋಡ್ ಹೊಡೆತವನ್ನು 5 ವೋಲ್ಟ್ ರೈಲಿಗೆ ತಳ್ಳುತ್ತದೆ. ಸಾಮಾನ್ಯ ರೆಗ್ಯುಲೇಟರ್‌ಗೆ ಕರೆಂಟ್ ಕೊಡಲು ಬರುತ್ತದೆ, ವಾಪಸ್ ನುಂಗಲು ಬರುವುದಿಲ್ಲ. ರೈಲಿನಿಂದ ಗ್ರೌಂಡಿಗೆ 5.6 ವೋಲ್ಟ್, 1 ವಾಟ್ ಝೀನರ್ ಡಯೋಡ್ ಹಾಕಿ, ಹೆಚ್ಚಿನದನ್ನು ಅದು ನುಂಗುತ್ತದೆ. ಬ್ಯಾಟರಿ ಡಿವೈಡರ್ ಇರುವಾಗ ಬೋರ್ಡಿಗೆ ಮಾತ್ರ ಸ್ವಿಚ್ ಆಫ್ ಮಾಡಿದರೆ, ಅದೇ ಡಯೋಡ್ ಮೂಲಕ ಆರಿದ ಚಿಪ್‌ಗೆ ಕಳ್ಳದಾರಿಯಲ್ಲಿ ಕರೆಂಟ್ ಹೋಗುತ್ತದೆ. ಸ್ವಿಚ್ ಡಿವೈಡರ್‌ಗಿಂತ ಮೊದಲೇ ಇರಲಿ.

ಗ್ರೌಂಡಿನ ಶಿಸ್ತು

ರಿಲೇ, ಜಿಎಸ್‌ಎಂ ಮಾಡ್ಯೂಲ್ ಇವುಗಳ ಕರೆಂಟ್ ವಾಪಸ್ ಹೋಗುವ ತಂತಿಯನ್ನು ಸೆನ್ಸರ್‌ಗಳ ಗ್ರೌಂಡ್ ಜೊತೆ ಹಂಚಿಕೊಳ್ಳಬಾರದು. 50 ಮಿಲಿಓಮ್‌ನ ತಂತಿಯಲ್ಲಿ 200 ಮಿಲಿಆಂಪಿಯರ್ ಹರಿದರೆ 10 ಮಿಲಿವೋಲ್ಟ್, ಅದು 10 ಕೌಂಟ್. ಜಿಎಸ್‌ಎಂ ಮಾಡ್ಯೂಲಂತೂ ಕಳಿಸುವ ಕ್ಷಣದಲ್ಲಿ 2 ಆಂಪಿಯರ್‌ವರೆಗೂ ಎಳೆಯುತ್ತದೆ, ನಮ್ಮ ಕಣಿವೆಗಳಲ್ಲಿ ಸಿಗ್ನಲ್ ಕಮ್ಮಿ ಇರುವುದರಿಂದ ಅದು ಯಾವಾಗಲೂ ಜೋರಾಗಿಯೇ ಕೂಗುತ್ತಿರುತ್ತದೆ. ಅದು ಮಾತಾಡುವಾಗ ಎಡಿಸಿ ಓದಬೇಡಿ. ಚಿಪ್‌ನ 9ನೇ ಕಾಲು ಡಿಜಿಟಲ್ ಗ್ರೌಂಡ್, 14ನೇದು ಅನಲಾಗ್ ಗ್ರೌಂಡ್. ಎರಡನ್ನೂ ಚಿಪ್‌ನ ಕೆಳಗೆ ಒಂದೇ ಕಡೆ ಸೇರಿಸಿ. 16ನೇ ಕಾಲಿಗೆ (ಸರಬರಾಜು) 1 ಮೈಕ್ರೋಫ್ಯಾರಡ್, ಕಾಲಿಗೆ ಅಂಟಿದ ಹಾಗೆ. ಷೀಲ್ಡ್ ಕೇಬಲ್‌ನ ಷೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆ) ಪೆಟ್ಟಿಗೆಯ ತುದಿಯಲ್ಲಿ ಮಾತ್ರ ಕಟ್ಟಿ. ಪಂಪ್ ಶೆಡ್‌ನ ಅರ್ಥಿಂಗ್‌ಗೂ ಮನೆಯದಕ್ಕೂ ನಡುವೆ ವೋಲ್ಟೇಜ್ ಇರುತ್ತದೆ, ಎರಡೂ ತುದಿ ಕಟ್ಟಿದರೆ ಷೀಲ್ಡೇ ತಂತಿಯಾಗಿಬಿಡುತ್ತದೆ.

ಓದುವ ಕ್ರಮ, ಪರೀಕ್ಷೆ

ಚಾನೆಲ್ ಬದಲಿಸಿದ ಮೇಲೆ ಮೊದಲ ಓದನ್ನು ಎಸೆಯಿರಿ. ಆಮೇಲೆ 16 ಓದುಗಳನ್ನು 1.25 ಮಿಲಿಸೆಕೆಂಡ್ ಅಂತರದಲ್ಲಿ ತೆಗೆದು ಸರಾಸರಿ ಮಾಡಿ. ಒಟ್ಟು 20 ಮಿಲಿಸೆಕೆಂಡ್ ಆಯಿತು, ಅಂದರೆ ಮೇನ್ಸ್‌ನ ಒಂದು ಪೂರ್ತಿ ಅಲೆ. ಅಲೆಯ ಮೇಲ್ಭಾಗ ಕೆಳಭಾಗ ಒಂದನ್ನೊಂದು ಕಳೆದುಕೊಂಡು 50 ಹರ್ಟ್ಸ್ ತಾನಾಗಿ ಹೋಗುತ್ತದೆ. ಉಳಿದ ಗದ್ದಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಪಂಪ್ ಚಾನೆಲ್‌ಗೆ ಮಾತ್ರ ಬೇರೆ ಕ್ರಮ: ಸೆಕೆಂಡಿಗೆ 4000 ಓದು, ಒಂದು ಅಲೆಗೆ 80, ಪೂರ್ತಿ ಅಲೆಗಳನ್ನೇ ತೆಗೆದುಕೊಂಡು ಆರ್‌ಎಂಎಸ್ (ಅಲೆಯ ಪರಿಣಾಮಕಾರಿ ಮೌಲ್ಯ) ಲೆಕ್ಕ ಹಾಕಿ.

ತೋಟಕ್ಕೆ ಒಯ್ಯುವ ಮುಂಚೆ ನೆರಳಿನ ಪರೀಕ್ಷೆ ಮಾಡಿ. ಒಂದು ಚಾನೆಲ್‌ಗೆ ಹೊಸ 1.5 ವೋಲ್ಟ್ ಸೆಲ್ ಅನ್ನು ಆ ಚಾನೆಲ್‌ನ ಮೂಲದಷ್ಟೇ ರೆಸಿಸ್ಟರ್ ಮೂಲಕ ಕಟ್ಟಿ. ಅದಕ್ಕಿಂತ ಮೊದಲು ಓದುವ ಚಾನೆಲನ್ನು ಒಮ್ಮೆ ಗ್ರೌಂಡಿಗೆ, ಒಮ್ಮೆ ರೆಫರೆನ್ಸ್‌ಗೆ ತಾಗಿಸಿ. ಸೆಲ್‌ನ ಅಂಕಿ ಒಂದು ಕೌಂಟ್‌ಗಿಂತ ಜಾಸ್ತಿ ಅಲುಗಾಡಿದರೆ ಆ ಕಾಲಿನ ಕೆಪಾಸಿಟರ್ ಬೆಸುಗೆ ನೋಡಿ, ಕ್ಲಾಕ್ ಇಳಿಸಿ ನೋಡಿ. ಪಕ್ಕದ ಚಾನೆಲ್‌ನ ಅಂಕಿಯನ್ನೇ ಹಿಂಬಾಲಿಸುವ ಚಾನೆಲ್ ಸಿಕ್ಕರೆ ಅದರ ತಂತಿ ಎಲ್ಲೋ ಬಿಟ್ಟುಕೊಂಡಿದೆ.

ಥರ್ಮಿಸ್ಟರ್‌ಗೆ ಒಂದು ತುದಿ ಕರಗುತ್ತಿರುವ ಮಂಜುಗಡ್ಡೆಯ ನೀರು, ಅದು 0 ಡಿಗ್ರಿ. ಇನ್ನೊಂದು ತುದಿ ಕುದಿಯುವ ನೀರು. ಇಲ್ಲಿ ಅದನ್ನು 100 ಅಂತ ಬರೆದುಕೊಳ್ಳಬೇಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ನೀರು 98 ಡಿಗ್ರಿಗೇ ಕುದಿಯುತ್ತದೆ. ಮಣ್ಣಿನ ಸೆನ್ಸರ್‌ಗಳಿಗೆ ನಿಮ್ಮ ತೋಟದ್ದೇ ಮಣ್ಣನ್ನು ಒಣಗಿಸಿ ಒಂದು ಅಂಕಿ, ನೀರು ಇಳಿದುಹೋಗುವಷ್ಟು ಹಾಕಿ ಒಂದು ಅಂಕಿ. ಮೂರೂ ಸೆನ್ಸರ್‌ಗೆ ಬೇರೆ ಬೇರೆ ಬರೆದಿಡಿ, ಅವು ಒಂದೇ ಥರ ಇರುವುದಿಲ್ಲ.

ಕೊನೆಗೆ ತೇವದ ಪರೀಕ್ಷೆ. ಎಲ್ಲ ಚಾನೆಲ್‌ಗೂ ಸೆನ್ಸರ್ ಬದಲು ಸ್ಥಿರ ರೆಸಿಸ್ಟರ್‌ಗಳನ್ನು ಕಟ್ಟಿ ಎಂಟು ಅಂಕಿ ಬರೆದುಕೊಳ್ಳಿ. ಪೆಟ್ಟಿಗೆ ಮುಚ್ಚಳ ತೆಗೆದು, ಬಿಸಿನೀರಿನ ಪಾತ್ರೆ ಇಟ್ಟ ಬಚ್ಚಲಲ್ಲಿ ಬೋರ್ಡನ್ನು ಒಂದು ರಾತ್ರಿ ಇಡಿ. ನೀರು ನೇರ ತಾಗದಂತೆ, ಬ್ಯಾಟರಿಯಲ್ಲೇ ಓಡುವಂತೆ. ಬೆಳಿಗ್ಗೆ ಅಂಕಿಗಳು ಎರಡು ಮೂರು ಕೌಂಟ್‌ನೊಳಗೆ ಇದ್ದರೆ ತೋಟಕ್ಕೆ ಒಯ್ಯಬಹುದು. ಯಾವುದಾದರೂ ಒಂದು ಚಾನೆಲ್ ಮಾತ್ರ ಜಾರಿದ್ದರೆ ಅದರ ಸುತ್ತಲಿನ ಲೇಪನ ಕೆರೆದು, ಮತ್ತೆ ತೊಳೆದು, ಮತ್ತೆ ಹೊಡೆಯಿರಿ. ಆ ಎಂಟು ಅಂಕಿಗಳ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚಳದ ಒಳಗೆ ಅಂಟಿಸಿ, ಜುಲೈನಲ್ಲಿ ಒಮ್ಮೆ ಅದೇ ರೆಸಿಸ್ಟರ್‌ಗಳನ್ನು ಕಟ್ಟಿ ಹೋಲಿಸಿ ನೋಡಿ.